ನಲವತ್ತೊಂದು ವಿಳಾಸಗಳು

ಮಹಾನಂದಾ ಹೂಗಾರ ಆ ಸೋಮವಾರ ಬೆಳಿಗ್ಗೆ ಹನ್ನೊಂದು ಗಂಟೆಗೆ ಆರನೇ ಸೆಕ್ಟರಿನ ನಲವತ್ತೊಂದು ಮನೆಗಳನ್ನು ಪಟ್ಟಿಗೆ ಸೇರಿಸಿದಳು. ಅದಕ್ಕೆ ಅವಳಿಗೆ ಹನ್ನೆರಡು ನಿಮಿಷ ಸಾಕಾಯಿತು. ಕೊನೆಯ ಸಹಿ ಹಾಕಿದ ಮೇಲೆ ಬೆರಳುಗಳ ನೆಟಿಗೆ ಮುರಿದು, ಫ್ಲಾಸ್ಕಿನಿಂದ ಚಹಾ ಬಗ್ಗಿಸಿಕೊಂಡು, ಈ ವಾರದ ದೊಡ್ಡ ಕೆಲಸ ಮುಗಿಯಿತು ಎಂದುಕೊಂಡಳು.

ಹೊಸಹಂಗರಗಿ ಎಂಬುದು ಕೃಷ್ಣೆಯ ಹಿನ್ನೀರಿನ ದಂಡೆಯಲ್ಲಿ, ಮುಳುಗಡೆಯಾದ ಆರು ಹಳ್ಳಿಗಳ ಜನರನ್ನು ತಂದು ಕೂರಿಸಿದ ಊರು. ಅಲ್ಲಿ ಓಣಿಗಳಿಗೆ ಹೆಸರಿಲ್ಲ, ಸೆಕ್ಟರ್ ಸಂಖ್ಯೆ ಇದೆ. ಊರಿನ ಎತ್ತರದ ಕಡೆ ನೀರು ಶುದ್ಧಮಾಡುವ ಘಟಕ, ಅದಕ್ಕೆ ಅಂಟಿಕೊಂಡು ಎರಡಂತಸ್ತಿನ ಜಾಲ ಕಾವಲು ಕೇಂದ್ರ. ಘಟಕದ ಪಂಪುಗಳನ್ನು ನಡೆಸುವುದು, ಸರದಿಯ ಪ್ರಕಾರ ಪ್ರತಿ ಮನೆಯ ವಾಲ್ವನ್ನು ತೆರೆದು ಮುಚ್ಚುವುದು ಎಲ್ಲವನ್ನೂ ಮಾಡುವುದು ಒಂದೇ ಸರ್ವರ್. ಅದರ ಮೇಲೆ ದಾಳಿ ಮಾಡುವವರು ಯಾರು ಎಂದು ಕಾಯುವುದು, ಅಂಥವರ ಜಾಲವಿಳಾಸ ಹಿಡಿದು ದೂರು ಕೊಡುವುದು ಕೇಂದ್ರದ ಕೆಲಸ. ಮಹಾನಂದಾ ಅಲ್ಲಿ ಹಿರಿಯ ಪರಿಶೀಲಕಿ.

ಎಂಟು ವರ್ಷದ ಹಿಂದೆ ಯಾರೋ ಎಲ್ಲೋ ಕೂತು ಅರ್ಧ ದೇಶದ ಪಂಪು, ಆಸ್ಪತ್ರೆ, ರೈಲುಗಳನ್ನು ಐದು ದಿನ ನಿಲ್ಲಿಸಿಟ್ಟಿದ್ದರು. ಆ ಐದು ದಿನ ಕಂಡ ಜನ ಆಮೇಲೆ ಬಂದ ವಿಳಾಸ ಕಾಯ್ದೆಯನ್ನು ಚಪ್ಪಾಳೆ ತಟ್ಟಿ ಒಪ್ಪಿಕೊಂಡರು. ಅದಕ್ಕೂ ಮೊದಲು ಮನೆಯ ಜಾಲವಿಳಾಸ ಬಾಡಿಗೆ ಕೋಣೆಯ ಹಾಗೆ ಇವತ್ತೊಂದು, ನಾಳೆ ಇನ್ನೊಂದು ಆಗುತ್ತಿತ್ತು. ಕಾಯ್ದೆ ಬಂದ ಮೇಲೆ ಪ್ರತಿ ಮನೆಗೂ ಒಂದೇ ಸಂಖ್ಯೆ, ಅದೂ ಮೀಟರ್ ಪೆಟ್ಟಿಗೆಯೊಳಗೆ ಬೆಸುಗೆ ಹಾಕಿದ್ದು. ಮನೆಯವರ ಫೋನುಗಳೂ ಆ ಸಂಖ್ಯೆಗೇ ಸೇರಿದವು. ಒಂದು ವಿಳಾಸದಿಂದ ದಾಳಿಯಾಯಿತು ಎಂದು ಅಧಿಕಾರವುಳ್ಳ ಪರಿಶೀಲಕರು ಸಹಿ ಹಾಕಿದರೆ ಅದು ಪಟ್ಟಿಗೆ ಸೇರುತ್ತದೆ. ಜಗತ್ತಿನ ಸರ್ವರುಗಳೆಲ್ಲ ನಿಮಿಷಕ್ಕೊಮ್ಮೆ ಆ ಪಟ್ಟಿ ಓದಿ, ಅದರಲ್ಲಿರುವವರಿಗೆ ಬಾಗಿಲು ಹಾಕಿಬಿಡುತ್ತವೆ. ಮೇಲ್ಮನವಿಗೆ ಇಪ್ಪತ್ತೊಂದು ದಿನ.

ದಾಳಿಗಳು ನಿಜವಾಗಿಯೂ ಕಡಿಮೆಯಾದವು. ಜನರೂ ಹೊಂದಿಕೊಂಡರು. ಹೆಣ್ಣು ಕೊಡುವವರು ಗಂಡಿನ ಮನೆಯ ವಿಳಾಸ ಎಂದಾದರೂ ಪಟ್ಟಿಗೆ ಹೋಗಿತ್ತೇ ಎಂದು ಮೊದಲು ವಿಚಾರಿಸತೊಡಗಿದರು. ಸಂತೆಯಲ್ಲಿ ಜಗಳವಾದರೆ ತಾಯಿ ತಂದೆಯನ್ನು ಎಳೆದು ಬೈಯುವ ಬದಲು, "ಪಟ್ಟಿಗೆ ಹಾಕಸ್ತೀನಿ ನೋಡ್" ಎನ್ನುವ ಹೊಸ ಬೈಗುಳ ಬಂತು. ಅದನ್ನು ಕೇಳಿದವರು ಹೊಡೆಯಲು ಕೈ ಎತ್ತಿಬಿಡುತ್ತಿದ್ದರು.

ಮಹಾನಂದಾಳ ಸಹಿಗೆ ತೂಕವಿತ್ತು. ಏಳು ವರ್ಷದಲ್ಲಿ ಅವಳು ಕೊಟ್ಟ ದೂರು ಒಂದೂ ತಿರುಗಿ ಬಂದಿರಲಿಲ್ಲ. ಹಾಗಾಗಿ ಉಳಿದವರ ದೂರಿಗೆ ಬೇಕಾಗುತ್ತಿದ್ದ ಎರಡನೇ ಸಹಿ ಅವಳದಕ್ಕೆ ಬೇಕಾಗುತ್ತಿರಲಿಲ್ಲ. ಅವಳು ಕಟ್ಟುನಿಟ್ಟಿನ ಹೆಂಗಸು. ಆ ಸೋಮವಾರ ಬೆಳಗಿನ ದಾಖಲೆ ನೋಡಿದಾಗ, ನಲವತ್ತೊಂದು ಮನೆಗಳು ಒಟ್ಟಿಗೆ ಸೇರಿ ನೀರಿನ ಸರ್ವರನ್ನು ಉಸಿರು ಬಿಡಲು ಅವಕಾಶ ಕೊಡದಷ್ಟು ತಟ್ಟುತ್ತಿರುವುದು ಕಂಡಾಗ, ಅವಳಿಗೆ ಸಿಟ್ಟೇ ಬಂದಿತ್ತು.

ಮಧ್ಯಾಹ್ನ ಅವಳು ಊಟಕ್ಕೆ ಮನೆಗೆ ಹೋದಳು. ಮನೆ ಒಂಬತ್ತನೇ ಸೆಕ್ಟರಿನಲ್ಲಿ, ನೀರಿನ ಕೊಳವೆಯ ತುತ್ತತುದಿಯಲ್ಲಿ. ಅವಳ ಗಂಡ ಗುರುಸಿದ್ಧಪ್ಪ ಪ್ರಾಥಮಿಕ ಶಾಲೆಯ ಹೆಡ್‌ಮಾಸ್ತರ, ಸೆಕ್ಟರಿನ ನೀರು ಸಮಿತಿಯ ಕಾರ್ಯದರ್ಶಿ ಕೂಡ. ಬೇಸಿಗೆ ರಜೆ, ಮನೆಯಲ್ಲೇ ಇದ್ದ. ಅವತ್ತು ಅವನು ಬಾಗಿಲಲ್ಲೇ ನಿಂತು ಅವಳನ್ನು ಕರೆದು, ಹಿತ್ತಲಿನ ನಳದ ಹತ್ತಿರ ಕರೆದುಕೊಂಡು ಹೋಗಿ ತೋರಿಸಿದ. ನಾಲ್ಕು ವರ್ಷದಿಂದ ರಾಡಿ ತೊಟ್ಟಿಕ್ಕುತ್ತಿದ್ದ ನಳದಲ್ಲಿ ನೀರು ರಭಸದಿಂದ ಬೀಳುತ್ತಿತ್ತು. ಆರನೇ ಸೆಕ್ಟರಿನವರು ಕದ್ದು ಮೋಟಾರು ಕೂರಿಸಿ ಎಳೆದುಕೊಳ್ಳುತ್ತಿದ್ದ ನೀರು ಈಗ ಅವರ ವಾಲ್ವುಗಳು ಮುಚ್ಚಿದ್ದರಿಂದ ಇಲ್ಲಿಯವರೆಗೆ ಬಂದಿತ್ತು. ಪಕ್ಕದ ಮನೆಯ ಹೆಂಗಸರು ಕಾಂಪೌಂಡಿನ ಆಚೆಯಿಂದಲೇ, ನಿಮ್ಮಿಂದ ನೀರು ಕಂಡೆವು ಎಂದರು. ಮಹಾನಂದಾ ನಕ್ಕಳು. ನೀರಿಗಾಗಿ ಆಕೆ ಸಹಿ ಹಾಕಿರಲಿಲ್ಲ, ಆದರೆ ಅದನ್ನು ತಿದ್ದಿ ಹೇಳಲೂ ಹೋಗಲಿಲ್ಲ.

ಆ ದಿನದಿಂದ ಆರನೇ ಸೆಕ್ಟರಿನವರಿಗೆ ಕೇಡುಗಾಲ ಶುರುವಾಯಿತು. ನಲವತ್ತೊಂದು ಮನೆಗಳಲ್ಲಿ ನೀರಿಲ್ಲ, ರೇಷನ್ ಅಂಗಡಿಯ ಯಂತ್ರ ಅವರ ಹೆಬ್ಬೆಟ್ಟು ಒಪ್ಪಲಿಲ್ಲ, ಬಸ್ಸಿನ ಟಿಕೆಟ್ ಬರಲಿಲ್ಲ. ಅದೇ ಸೆಕ್ಟರಿನ ಉಳಿದ ಮನೆಯವರು ಬಾಗಿಲು ಹಾಕಿಕೊಂಡರು. ಪಟ್ಟಿಯಲ್ಲಿದ್ದವರಿಗೆ ತಮ್ಮ ಫೋನು ಕೊಟ್ಟವರೂ ಪಟ್ಟಿಗೆ ಹೋಗುತ್ತಾರೆ ಎಂಬುದು ಮಕ್ಕಳಿಗೂ ಗೊತ್ತಿತ್ತು. ಮಂಗಳವಾರ ಆರನೇ ಸೆಕ್ಟರಿನ ಕೆಲವರು ಕೊಡ ಹಿಡಿದು ಒಂಬತ್ತನೇ ಸೆಕ್ಟರಿನ ಸಾರ್ವಜನಿಕ ನಳಕ್ಕೆ ಬಂದರು. ಇವರು ಕಳ್ಳ ವಿಳಾಸದವರು ಎಂದು ಅಲ್ಲಿಯವರು ಕೊಡಗಳನ್ನು ಒದ್ದರು. ಮಾತಿಗೆ ಮಾತು ಬೆಳೆದು ಕಲ್ಲು ತೂರಾಟವಾಯಿತು. ಇಬ್ಬರ ತಲೆ ಒಡೆಯಿತು. ಬುಧವಾರ ಬೆಳಿಗ್ಗೆ ನೀರು ಸಮಿತಿಯವರು ಎರಡೂ ಸೆಕ್ಟರಿನ ನಡುವಿನ ರಸ್ತೆಗೆ ಸಿಮೆಂಟಿನ ಪೈಪುಗಳನ್ನು ಉರುಳಿಸಿ ಅಡ್ಡಗಟ್ಟಿದರು. ಆರನೇ ಸೆಕ್ಟರಿನಿಂದ ಪೇಟೆಗೂ ದವಾಖಾನೆಗೂ ಇದ್ದದ್ದು ಅದೊಂದೇ ನೇರ ದಾರಿ. ಇನ್ನೊಂದು ದಾರಿ ಹಿನ್ನೀರು ಸುತ್ತಿಕೊಂಡು ಆರು ಕಿಲೋಮೀಟರ್.

ಇದನ್ನೆಲ್ಲ ಮಹಾನಂದಾ ಕೇಳಿದಳು. ತಪ್ಪು ಮಾಡಿದವರು ಅನುಭವಿಸುತ್ತಾರೆ ಎಂದಷ್ಟೇ ಅವಳಿಗೆ ಅನ್ನಿಸಿತು.

ಗುರುವಾರ ಹನ್ನೆರಡರ ಬಿಸಿಲಿನಲ್ಲಿ ಕೇಂದ್ರದ ಗೇಟಿನ ಮುಂದೆ ಒಬ್ಬ ಹೆಂಗಸು ಬಂದು ನಿಂತಳು. ಪಟ್ಟಿಯಲ್ಲಿದ್ದವರನ್ನು ಸಿಬ್ಬಂದಿ ಭೇಟಿಯಾಗಬಾರದು ಎಂಬ ನಿಯಮ ಹೇಳಿ ಕಾವಲುಗಾರ ಅವಳನ್ನು ಕಳಿಸಲು ನೋಡಿದ. ಅವಳು ಕದಲಲಿಲ್ಲ. ಒಂದು ಗಂಟೆಯಾದರೂ ಅಲ್ಲೇ ಇದ್ದಾಳೆ, ತಲೆ ಸುತ್ತಿ ಬಿದ್ದರೆ ನಮ್ಮ ಮೇಲೆ ಬರುತ್ತದೆ ಎಂದು ಅವನು ಮೇಲಕ್ಕೆ ಬಂದು ಹೇಳಿದಾಗ ಮಹಾನಂದಾ ಕೆಳಗಿಳಿದು ಹೋದಳು.

ಹೆಂಗಸಿನ ಹೆಸರು ಕಾಶೀಬಾಯಿ ಪತ್ತಾರ. ಐವತ್ತರ ಸುಮಾರಿನ ಗಟ್ಟಿ ಆಳು. ಅವಳ ತಮ್ಮ ಪಾಂಡುರಂಗ ಹಿತ್ತಾಳೆಯ ದೀಪದ ಸಮೆ, ಗಂಟೆ ಎರಕ ಹೊಯ್ಯುವವನು. ಎರಡು ವರ್ಷದಿಂದ ಅವನ ಮೂತ್ರಪಿಂಡ ಕೆಲಸ ಮಾಡುತ್ತಿರಲಿಲ್ಲ. ಮನೆಯಲ್ಲೇ ಡಯಾಲಿಸಿಸ್ ಯಂತ್ರ ಇಟ್ಟುಕೊಂಡು ಅಕ್ಕನೇ ನೋಡಿಕೊಳ್ಳುತ್ತಿದ್ದಳು.

"ನನ್ನ ತಮ್ಮನ ಮಷೀನ್ ಬಂದ್ ಆಗೈತಿ," ಎಂದಳು ಕಾಶೀಬಾಯಿ. "ದಿನಾ ಬಿಟ್ಟು ದಿನಾ ರಕ್ತ ಸ್ವಚ್ಛ ಮಾಡಬೇಕು. ದವಾಖಾನಿಯಿಂದ ಅಪ್ಪಣಿ ಬಂದ್ರನ ಅದು ಚಾಲೂ ಆಗೂದು. ಐತ್ವಾರ ಮಾಡಿದ್ದs ಕಡೀದು."

ಮಹಾನಂದಾ ಅವಳಿಗೆ ವಿನಾಯಿತಿ ಅರ್ಜಿಯ ವಿಷಯ ಹೇಳಿದಳು. ರೋಗಿಗಳಿರುವ ಮನೆಗೆ ಆಸ್ಪತ್ರೆಯ ಸಂಪರ್ಕ ಮಾತ್ರ ಬಿಡಿಸಿಕೊಳ್ಳಲು ಕಾಯ್ದೆಯಲ್ಲೇ ಅವಕಾಶವಿತ್ತು.

"ಎಲ್ಲಿಂದ ಹಾಕ್ಲಿ?" ಎಂದಳು ಕಾಶೀಬಾಯಿ.

ಅರ್ಜಿ ಅದೇ ಮನೆಯ ವಿಳಾಸದಿಂದ ಬರಬೇಕು ಎಂಬುದು ನಿಯಮ. ಆ ವಿಳಾಸಕ್ಕೆ ಅರ್ಜಿ ತೆಗೆದುಕೊಳ್ಳುವ ಸರ್ವರೂ ಬಾಗಿಲು ಹಾಕಿತ್ತು. ಬೇರೆಯವರ ಫೋನಿನಿಂದ ಹಾಕಿದರೆ ಅರ್ಜಿ ಸೇರುತ್ತಿತ್ತು, ಆದರೆ ಫೋನು ಕೊಟ್ಟವರು ಪಟ್ಟಿಗೆ ಹೋಗುತ್ತಿದ್ದರು. ಮಹಾನಂದಾಳಿಗೆ ಇದು ಗೊತ್ತಿರಲಿಲ್ಲ ಎಂದಲ್ಲ. ಯಾರೂ ಬಂದು ಎದುರಿಗೆ ನಿಂತು ಕೇಳಿರಲಿಲ್ಲ.

"ನಿಮ್ಮ ಫೋನಿನಿಂದ ಹಾಕಿ ಕೊಡ್ರಿ."

"ಹಂಗ ಮಾಡಾಕ ಬರೂದಿಲ್ರಿ," ಎಂದಳು ಮಹಾನಂದಾ. "ನಿಮ್ಮ ಮನಿಯಿಂದ ನೀರಿನ ಸರ್ವರ್ ಮ್ಯಾಲೆ ದಾಳಿ ಆಗೈತಿ. ಊರಿಗೆ ಊರs ಕೆಡತಿತ್ತು."

"ನಮ್ಮ ಮನ್ಯಾಗ ಇರಾವ್ರು ಇಬ್ರು. ಅವಗ ಎದ್ದು ಕುಂದ್ರಾಕ ಆಗೂದಿಲ್ಲ. ನನಗ ಫೋನ್ ಹಚ್ಚೂದು ಬಿಟ್ರ ಬ್ಯಾರೆ ಗೊತ್ತಿಲ್ಲ. ನಮ್ಮಿಬ್ಬರೊಳಗ ಯಾರು ಮಾಡಿದ್ರು ಹೇಳ್ರಿ."

ಯಂತ್ರಗಳು ಒಡೆಯನಿಗೆ ಗೊತ್ತಿಲ್ಲದೆಯೂ ದಾಳಿಗೆ ಸೇರುವುದುಂಟು ಎಂದು ಮಹಾನಂದಾ ವಿವರಿಸಲು ಹೋದಳು. ಕಾಶೀಬಾಯಿ ಅರ್ಧಕ್ಕೇ ತಡೆದಳು.

"ಅವ ಸತ್ತ ಮ್ಯಾಲೆ ಯಾವ ಅರ್ಜಿ ಹಾಕಬೇಕು, ಅದನ್ನರೆ ಹೇಳ್ರಿ. ನಿಮ್ಮ ಕಡೆ ಅದಕ್ಕೂ ಒಂದು ಇದ್ದೀತು."

ಅಷ್ಟು ಹೇಳಿ ಅವಳು ಗೇಟಿಗೆ ಬೆನ್ನು ಹಾಕಿ ನಡೆದಳು.

ಮಹಾನಂದಾ ಮೇಲೆ ಬಂದು ಕೂತಳು. ಊಟಕ್ಕೆ ಹೋಗಲಿಲ್ಲ. ಆ ಹೆಂಗಸು ಸುಳ್ಳು ಹೇಳುತ್ತಿದ್ದಾಳೆ ಎಂದು ತನಗೆ ತಾನೇ ರುಜುವಾತು ಮಾಡಿಕೊಳ್ಳಬೇಕೆಂದು ಸೋಮವಾರದ ಕಚ್ಚಾ ದಾಖಲೆಗಳನ್ನು ತೆರೆದಳು.

ಜಾಲದಲ್ಲಿ ಹೊರಡುವ ಪ್ರತಿ ಸಂದೇಶದ ಪೊಟ್ಟಣಕ್ಕೂ 'ಆಯುಷ್ಯ' ಎಂಬ ಒಂದು ಅಂಕಿ ಅಂಟಿರುತ್ತದೆ. ಹೊರಡುವಾಗ ಅದು ಸಾಮಾನ್ಯವಾಗಿ ಅರವತ್ನಾಲ್ಕು. ದಾರಿಯಲ್ಲಿ ಒಂದೊಂದು ಕೂಡುನಿಲ್ದಾಣ ದಾಟಿದಾಗಲೂ ಒಂದೊಂದು ಕಡಿಮೆಯಾಗುತ್ತದೆ. ಆರನೇ ಸೆಕ್ಟರಿನಿಂದ ನೀರಿನ ಘಟಕಕ್ಕೆ ನಡುವೆ ಇರುವುದು ಮೂರೇ ನಿಲ್ದಾಣ. ಅಲ್ಲಿಂದ ಬಂದ ಪೊಟ್ಟಣದಲ್ಲಿ ಅರವತ್ತೊಂದು ಉಳಿದಿರಬೇಕು. ಸೋಮವಾರದ ಪೊಟ್ಟಣಗಳಲ್ಲಿ ಉಳಿದದ್ದು ನಲವತ್ತೇಳು. ಒಂದರಲ್ಲಲ್ಲ, ನಲವತ್ತೊಂದು ಮನೆಗಳ ಹೆಸರು ಹೊತ್ತು ಬಂದ ಲಕ್ಷಾಂತರ ಪೊಟ್ಟಣಗಳಲ್ಲೂ ನಲವತ್ತೇಳೇ.

ಅವಳು ಇನ್ನೊಂದನ್ನೂ ನೋಡಿದಳು. ಸರ್ವರ್ ಪ್ರತಿ ಬಾರಿಯೂ ತಿರುಗಿ, ಯಾರು ನೀವು ಎಂದು ಆ ಮನೆಗಳಿಗೆ ಕೇಳಿತ್ತು. ಒಂದು ಮನೆಯಿಂದಲೂ ಉತ್ತರ ಬಂದಿರಲಿಲ್ಲ. ತಟ್ಟಿದವರೇ ಅವರಾಗಿದ್ದರೆ ತಾನೆ ಉತ್ತರಿಸುವುದು? ಹದಿನೇಳು ನಿಲ್ದಾಣ ಆಚೆ, ಬಹುಶಃ ಬೇರೆ ದೇಶದಲ್ಲಿ, ಯಾವುದೋ ಒಂದು ಯಂತ್ರ ಈ ಮನೆಗಳ ವಿಳಾಸಗಳನ್ನು ಲಕೋಟೆಯ ಹಿಂದೆ ಬರೆದು ಬರೆದು ಕಳಿಸಿತ್ತು. ಸರ್ವರನ್ನು ಕೆಡಿಸುವುದು ಅದರ ಉದ್ದೇಶವೇ ಆಗಿರಲಿಲ್ಲ. ಆ ಮನೆಗಳನ್ನು ಪಟ್ಟಿಗೆ ಹಾಕಿಸುವುದಷ್ಟೇ ಬೇಕಾಗಿತ್ತು. ಆ ಕೆಲಸವನ್ನು ಮಾಡಿಕೊಟ್ಟವಳು ಮಹಾನಂದಾ.

ಆಯುಷ್ಯದ ಅಂಕಿಯನ್ನು ತಾಳೆ ನೋಡುವ ಕಲಮು ಮೊದಲು ದೂರಿನ ನಮೂನೆಯಲ್ಲಿತ್ತು. ಅದರಿಂದ ಪ್ರತಿ ದೂರಿಗೂ ಐದಾರು ನಿಮಿಷ ಹಿಡಿಯುತ್ತದೆ, ಹಿಡಿದ ತಪ್ಪಂತೂ ಒಂದೂ ಇಲ್ಲ, ತೆಗೆದುಹಾಕಬಹುದು ಎಂದು ಕಳೆದ ವರ್ಷ ಟಿಪ್ಪಣಿ ಬರೆದವಳೂ ಅವಳೇ. ಕಲಮು ತೆಗೆದಿರುವುದು ಕೇಂದ್ರದ ಆರು ಜನರಿಗೆ ಗೊತ್ತಿತ್ತು. ಹೊರಗಿನವರಲ್ಲಿ ಒಬ್ಬನಿಗೆ ಗೊತ್ತಿತ್ತು. ಊಟಕ್ಕೆ ಕೂತಾಗ ಗುರುಸಿದ್ಧಪ್ಪ ಅವಳ ಕೆಲಸದ ಬಗ್ಗೆ ಬಹಳ ಆಸ್ಥೆಯಿಂದ ಕೇಳುತ್ತಿದ್ದ. ಇಪ್ಪತ್ತು ವರ್ಷದ ಸಂಸಾರದಲ್ಲಿ ಅವನು ಅಷ್ಟು ಕೇಳಿದ್ದೇ ಮೊದಲು, ಅವಳೂ ಖುಷಿಯಿಂದ ಹೇಳಿದ್ದಳು.

ಅವಳು ದಾಳಿಯ ಮನೆಗಳ ಸಂಖ್ಯೆಗಳನ್ನು ಮೊದಲು ತಟ್ಟಿದವರಿಂದ ಕೊನೆಯವರವರೆಗೆ ಸಾಲಾಗಿ ಬರೆದಳು. ಆಮೇಲೆ ಫೋನಿನಲ್ಲಿ ಫೆಬ್ರುವರಿಯ ಒಂದು ಮನವಿಪತ್ರ ಹುಡುಕಿದಳು. ಮೋಟಾರು ಕೂರಿಸಿದ್ದಾರೆಂದು ಆರನೇ ಸೆಕ್ಟರಿನ ನಲವತ್ತೊಂದು ಮನೆಗಳ ಮೇಲೆ ನೀರು ಸಮಿತಿ ಕೊಟ್ಟಿದ್ದ ಮನವಿ ಅದು, ಅದಕ್ಕೆ ಯಾರೂ ಕ್ರಮ ತೆಗೆದುಕೊಂಡಿರಲಿಲ್ಲ. ಗಂಡ ಹೇಳಿದಂತೆ ಅವಳೇ ಟೈಪು ಮಾಡಿಕೊಟ್ಟಿದ್ದಳು. ಮನೆಗಳ ಸಂಖ್ಯೆ ಅವೇ, ಸಾಲಿನ ಕ್ರಮವೂ ಅದೇ. ಪತ್ತಾರರ ಮನೆಯ ಸಂಖ್ಯೆಯ ಮುಂದೆ "ಹಗಲೆಲ್ಲ ಮೋಟಾರಿನ ಸದ್ದು" ಎಂದಿತ್ತು. ಅದು ಡಯಾಲಿಸಿಸ್ ಯಂತ್ರಕ್ಕೆ ನೀರು ಸೋಸುವ ಪಂಪಿನ ಸದ್ದು.

ಮೂರು ಗಂಟೆಗೆ ಅವಳು ನಿರ್ದೇಶಕ ಕಟಗೇರಿಯವರ ಕೋಣೆಗೆ ಹೋದಳು. ಗಂಡನ ಹೆಸರು ಎತ್ತದೆ ಅಂಕಿಗಳನ್ನಷ್ಟೇ ತೋರಿಸಿ, ನಲವತ್ತೊಂದು ದೂರುಗಳನ್ನು ಈಗಲೇ ಹಿಂತೆಗೆಯಬೇಕು ಎಂದಳು. ಕಟಗೇರಿ ಎರಡು ಸಲ ಅಂಕಿ ನೋಡಿದರು. ಅವರಿಗೆ ಅರ್ಥವಾಗಲಿಲ್ಲ ಎಂದಲ್ಲ.

"ಮಹಾನಂದಾಬಾಯಾರ, ಪಟ್ಟಿ ತಪ್ಪಾಗೈತಿ ಅಂತ ನಾವs ಬರದು ಕೊಟ್ರ, ನಾಳೆ ಖರೇ ಕಳ್ಳನೂ ಅದನ್ನs ಹೇಳ್ತಾನ. ಇಪ್ಪತ್ತೊಂದು ದಿನ ಐತಿ. ಮೇಲ್ಮನವಿ ಬರಲಿ, ಆವಾಗ ನೋಡೂಣು."

ಒಬ್ಬ ರೋಗಿ ಇದ್ದಾನೆ ಎಂದಳು. ರೋಗಿ ಇದ್ದರೆ ದವಾಖಾನೆಗೆ ಹೋಗಲಿ, ಅದಕ್ಕೆ ಜಾಲವಿಳಾಸ ಬೇಕಿಲ್ಲ ಎಂದರು ಅವರು. ದೂರು ಹಿಂತೆಗೆಯಲು ನಿರ್ದೇಶಕರ ಸಹಿ ಬೇಕಿತ್ತು. ದೂರು ಕೊಡಲು ಮಾತ್ರ ಅವಳೊಬ್ಬಳ ಸಹಿ ಸಾಕಾಗಿತ್ತು.

ಕಾಶೀಬಾಯಿಯ ಮನೆಗೆ ಹೋಗಿ ತಾನೇ ಏನಾದರೂ ವ್ಯವಸ್ಥೆ ಮಾಡಬೇಕೆಂದು ಅವಳು ಸ್ಕೂಟರ್ ಹತ್ತಿದಾಗ ಐದೂವರೆ. ಅಡ್ಡಗಟ್ಟಿದ ಪೈಪುಗಳ ಹತ್ತಿರ ಜನ ಸೇರಿದ್ದರು. ಆಚೆ ಬದಿಯಲ್ಲಿ ತರಕಾರಿಯ ತಳ್ಳುಗಾಡಿಯ ಮೇಲೆ ಪಾಂಡುರಂಗನನ್ನು ಮಲಗಿಸಿಕೊಂಡು ಕಾಶೀಬಾಯಿ ನಿಂತಿದ್ದಳು. ಆ ಮನುಷ್ಯನ ಮುಖ ಊದಿಕೊಂಡಿತ್ತು, ಉಸಿರು ಮೇಲೆಮೇಲೆ ಬರುತ್ತಿತ್ತು. ಪಟ್ಟಿಯಲ್ಲಿದ್ದ ಮನೆಯಿಂದ ಹೋದ ಕರೆಗೆ ಆಂಬ್ಯುಲೆನ್ಸ್ ಬಂದಿರಲಿಲ್ಲ, ಆಟೋದವರೂ ಆ ಸೆಕ್ಟರಿಗೆ ಬರಲು ಒಪ್ಪಿರಲಿಲ್ಲ. ಈಚೆ ಬದಿಯಲ್ಲಿ ಒಂಬತ್ತನೇ ಸೆಕ್ಟರಿನ ಹತ್ತು ಹದಿನೈದು ಗಂಡಸರು, ಅವರ ಮುಂದೆ ಗುರುಸಿದ್ಧಪ್ಪ.

ಹಿನ್ನೀರಿನ ದಾರಿ ಸುತ್ತಿಕೊಂಡು ಹೋಗಿ ಎಂದು ಅವರು ಹೇಳುತ್ತಿದ್ದರು. ನಾಲ್ಕು ವರ್ಷ ನಮ್ಮ ಮಕ್ಕಳು ರಾಡಿ ಕುಡಿದಾಗ ಯಾರೂ ಬಂದು ನೋಡಲಿಲ್ಲ, ಈಗ ರಸ್ತೆ ಬೇಕೇ ಎಂದು ಒಬ್ಬ ಕೂಗಿದ. ಕಾಶೀಬಾಯಿ ಬೇಡಿಕೊಳ್ಳುತ್ತಿರಲಿಲ್ಲ. ಒಬ್ಬೊಬ್ಬರ ಹೆಸರು ಹಿಡಿದು ಬೈಯುತ್ತಿದ್ದಳು.

ಮಹಾನಂದಾ ಯಾರಿಗೂ ಏನೂ ಹೇಳದೆ ಹೋಗಿ ಒಂದು ಪೈಪಿಗೆ ಕೈ ಹಚ್ಚಿ ದೂಡತೊಡಗಿದಳು. ಅದು ಅಲುಗಲಿಲ್ಲ. ಪಟ್ಟಿಗೆ ಹಾಕಿದವರು ನೀವು, ದಾರಿ ಬಿಡುವವರೂ ನೀವೇ ಏನು ಎಂದು ಹಿಂದಿನಿಂದ ಯಾರೋ ಕೇಳಿದರು.

"ಪಟ್ಟಿ ತಪ್ಪೈತಿ," ಎಂದಳು ಅವಳು ತಿರುಗಿ. "ಇವರು ಏನೂ ಮಾಡಿಲ್ಲ. ತಪ್ಪು ನಂದು."

ಗುರುಸಿದ್ಧಪ್ಪ ಅವಳ ಮುಖ ನೋಡಿದ, ಅವಳಿಗೆ ಎಲ್ಲ ಗೊತ್ತಾಗಿದೆ ಎಂದು ಅವನಿಗೆ ತಿಳಿಯಿತು. ಮನೆಗೆ ನಡಿ ಎಂದ. ಅವಳು ಹೋಗಲಿಲ್ಲ. ಒಂದಿಬ್ಬರು ಅವಳನ್ನು ಬೈದರು, ಒಬ್ಬ ಅವಳ ಸ್ಕೂಟರನ್ನು ನೂಕಿ ಬೀಳಿಸಿದ. ಇಷ್ಟರಲ್ಲಿ ಪಾಂಡುರಂಗ ಗಾಡಿಯ ಮೇಲೆ ಹೊರಳಿ ವಾಂತಿ ಮಾಡಿಕೊಂಡು ಕೈಕಾಲು ಸೆಟೆದ. ಅದನ್ನು ಕಂಡು ಗಂಡಸರು ಹಿಂದೆ ಸರಿದರು. ಇಬ್ಬರು ಬಂದು ಪೈಪನ್ನು ಉರುಳಿಸಿದರು. ಗಾಡಿ ಅಲ್ಲಿ ನಿಂತದ್ದು ನಲವತ್ತು ನಿಮಿಷ ಎಂದು ಆಮೇಲೆ ವಿಚಾರಣೆಯಲ್ಲಿ ಗೊತ್ತಾಯಿತು. ಗಾಡಿ ದಾಟುವಾಗ ಮಹಾನಂದಾ ಒಂದು ಕಡೆ ಹಿಡಿಯಲು ಹೋದಳು. ಕಾಶೀಬಾಯಿ ಅವಳ ಕೈಯನ್ನು ಕಿತ್ತೆಸೆದಳು.

ಮನೆಯಲ್ಲಿ ಗುರುಸಿದ್ಧಪ್ಪ ಸುಳ್ಳು ಹೇಳಲಿಲ್ಲ. ಬಾಡಿಗೆಗೆ ಇಂಥ ಕೆಲಸ ಮಾಡಿಕೊಡುವವರು ಇದ್ದಾರೆ, ಸಂಖ್ಯೆ ಕಳಿಸಿದರೆ ಸಾಕು ಎಂದ. ಅರ್ಜಿ ಕೊಟ್ಟು ಕೊಟ್ಟು ಚಪ್ಪಲಿ ಸವೆದವು, ಸಾಹೇಬರು ಯಾರೂ ತಲೆ ಎತ್ತಿ ನೋಡಲಿಲ್ಲ, ಶಾಲೆಯಲ್ಲಿ ಮಕ್ಕಳು ವಾಂತಿಭೇದಿಯಾಗಿ ಬೆಂಚಿನ ಮೇಲೆ ಮಲಗಿದ್ದನ್ನು ತಾನು ಕಂಡಿದ್ದೇನೆ ಎಂದ. ಅದೆಲ್ಲವೂ ನಿಜವಾಗಿತ್ತು.

"ನಾ ಯಾರಿಗೂ ಒಂದು ಏಟು ಹೊಡದಿಲ್ಲ," ಎಂದ ಅವನು. "ನಲವತ್ತೊಂದು ನಂಬರ್ ಕಳಿಸಿದೆ, ಅಷ್ಟ. ನೀ ನೋಡಿದ್ರ ಅಲ್ಲೇ ನಿಲ್ತಿತ್ತು. ನೀ ನೋಡೂದಿಲ್ಲ ಅಂತ ನೀನs ಹೇಳಿದ್ದಿ."

"ನನ್ನ ಬಾಯಿಂದ ತಕ್ಕೊಂಡು ನನ್ನ ಕೈಲೆ ಮಾಡಿಸಿದ್ರಿ."

"ಸಹಿ ನಿಂದು, ಮಹಾನಂದಾ. ಯಾರ ಮುಂದ ಹೇಳಿದ್ರೂ ಸಹಿ ನಿಂದs."

ಅವನು ಹೇಳಿದ್ದರಲ್ಲಿ ಅಲ್ಲಗಳೆಯುವಂಥದ್ದು ಯಾವುದೂ ಇರಲಿಲ್ಲ, ಅದಕ್ಕೇ ಅವಳಿಗೆ ಅವನ ಮೇಲೆ ಹೇಸಿಗೆ ಹುಟ್ಟಿತು. ಅವಳು ಒಳಕೋಣೆಯ ಅಗಳಿ ಹಾಕಿಕೊಂಡು ಕಾಯ್ದೆಯ ಪುಸ್ತಕ ತೆರೆದು ಕೂತಳು.

ಪಾಂಡುರಂಗ ಪತ್ತಾರ ಶುಕ್ರವಾರ ಬೆಳಿಗ್ಗೆ ಏಳು ಗಂಟೆಗೆ ದವಾಖಾನೆಯಲ್ಲಿ ತೀರಿಕೊಂಡ. ಮೂವತ್ತೆಂಟು ವರ್ಷ. ಸುದ್ದಿ ಮಹಾನಂದಾಳಿಗೆ ಕೇಂದ್ರದ ಮೆಟ್ಟಿಲ ಮೇಲೆ ಕಾವಲುಗಾರನಿಂದ ತಿಳಿಯಿತು. ಅವಳು ಮೇಲೆ ಹೋಗಿ ತನ್ನ ಕುರ್ಚಿಯಲ್ಲಿ ಕೂತು ಒಂದು ಹೊಸ ದೂರು ಬರೆಯತೊಡಗಿದಳು.

ಕಾಯ್ದೆಯ ನಾಲ್ಕನೇ ಕಲಮಿನ ಪ್ರಕಾರ, ಒಂದು ವಿಳಾಸದಿಂದ ಹೊರಟ ಸಂದೇಶ ಇನ್ನೊಂದು ವಿಳಾಸದ ಸೇವೆಯನ್ನು ಕಾರಣವಿಲ್ಲದೆ ನಿಲ್ಲಿಸಿದರೆ ಅದು ದಾಳಿ. ಮೂವತ್ತನೇ ಕಲಮಿನ ಪ್ರಕಾರ, ದೂರು ಕೊಟ್ಟವರೇ ಪಟ್ಟಿಗೆ ಸೇರಿದರೆ ಅವರು ಹಿಂದಿನ ಮೂವತ್ತು ದಿನ ಕೊಟ್ಟ ದೂರುಗಳೆಲ್ಲ ತಡೆಯಾಗುತ್ತವೆ. ಕಾಯ್ದೆ ಬರೆದವರು ಯಾವುದೋ ಕಳ್ಳ ಸಂಸ್ಥೆಯನ್ನು ಮನಸ್ಸಿನಲ್ಲಿಟ್ಟುಕೊಂಡು ಅದನ್ನು ಸೇರಿಸಿದ್ದಿರಬೇಕು. ದಾಳಿಗೊಳಗಾದವರು ಎಂಬ ಕಡೆ ಅವಳು ಆರನೇ ಸೆಕ್ಟರಿನ ನಲವತ್ತೊಂದು ಮನೆಗಳನ್ನು ಬರೆದಳು. ದಾಳಿ ಮಾಡಿದ ವಿಳಾಸ ಎಂಬ ಕಡೆ, ತನ್ನ ದೂರುಗಳೆಲ್ಲ ಹೊರಟ ಜಾಲ ಕಾವಲು ಕೇಂದ್ರದ ವಿಳಾಸ ಬರೆದಳು. ಆಯುಷ್ಯದ ಅಂಕಿಗಳನ್ನು, ಫೆಬ್ರುವರಿಯ ಮನವಿಪತ್ರವನ್ನು, ಸಂಖ್ಯೆ ಕಳಿಸಿದವನು ತನ್ನ ಗಂಡ ಗುರುಸಿದ್ಧಪ್ಪ ಹೂಗಾರ ಎಂಬ ತನ್ನ ಹೇಳಿಕೆಯನ್ನು ಜೋಡಿಸಿದಳು. ಕೇಂದ್ರವನ್ನು ಪಟ್ಟಿಗೆ ಹಾಕಿದರೆ ಈ ತಿಂಗಳು ಹಿಡಿದ ನಿಜವಾದ ದಾಳಿಕೋರರೂ ಬಿಡುಗಡೆಯಾಗುತ್ತಾರೆ ಎಂದು ಅವಳಿಗೆ ಗೊತ್ತಿತ್ತು. ಒಂಬೈನೂರಕ್ಕೂ ಹೆಚ್ಚು ವಿಳಾಸಗಳು. ಈ ಸಲ ಪ್ರತಿ ಸಾಲನ್ನೂ ಬೆರಳಿಟ್ಟು ಓದಿ, ಎಲ್ಲ ಮುಗಿದ ಮೇಲೆ ಸಹಿ ಹಾಕಿದಳು.

ಅವಳ ಸಹಿಗೆ ಎರಡನೇ ಸಹಿ ಬೇಕಾಗಲಿಲ್ಲ. ಒಂದು ನಿಮಿಷದೊಳಗೆ ಕೇಂದ್ರದ ಪರದೆಗಳೆಲ್ಲ ಒಂದೊಂದಾಗಿ ನಿಂತವು. ಕಟಗೇರಿ ಕೋಣೆಯಿಂದ ಓಡಿ ಬಂದರು. ಏನು ಮಾಡಿದಿರಿ ಎಂದು ಕೇಳಿದರು, ಅವಳು ಹೇಳಿದಳು. ಅವರು ಕೈ ಎತ್ತಿದವರು ಹಾಗೇ ಇಳಿಸಿ, ಗೋಡೆಗೆ ಒರಗಿ ನಿಂತರು. ಅದೇ ಹೊತ್ತಿಗೆ ಆರನೇ ಸೆಕ್ಟರಿನಲ್ಲಿ ವಾಲ್ವುಗಳು ತೆರೆದವು. ನಾಲ್ಕು ದಿನದಿಂದ ಬಂದಾಗಿದ್ದ ಫೋನುಗಳು ಒಮ್ಮೆಲೇ ಬಡಿದುಕೊಂಡವು. ಪತ್ತಾರರ ಮನೆಯಲ್ಲಿ ಡಯಾಲಿಸಿಸ್ ಯಂತ್ರ ತಾನಾಗಿ ಚಾಲೂ ಆಗಿ, ರೋಗಿಯನ್ನು ಕೂರಿಸಿ ಎಂದು ಹೇಳುತ್ತಿತ್ತಂತೆ. ಹೆಣ ತರಲು ಹೋದವರು ತಿರುಗಿ ಬರುವವರೆಗೂ ಹೇಳುತ್ತಲೇ ಇತ್ತಂತೆ.

ಅವಳು ಹೆದರಿದಂತೆಯೇ ಆಯಿತು. ಮಧ್ಯಾಹ್ನದ ಹೊತ್ತಿಗೆ, ಬಿಡುಗಡೆಯಾದ ಒಂಬೈನೂರರಲ್ಲಿ ಯಾರೋ ಒಬ್ಬ ಕಾವಲಿಲ್ಲದ ನೀರಿನ ಸರ್ವರಿಗೆ ನುಗ್ಗಿ ಪಂಪುಗಳನ್ನು ನಿಲ್ಲಿಸಿದ. ಎರಡು ದಿನ ಇಡೀ ಊರಿಗೆ ನೀರಿರಲಿಲ್ಲ. ಬಿಸಿಲು ನಲವತ್ತೆರಡು ಡಿಗ್ರಿ. ಟ್ಯಾಂಕರುಗಳ ಮುಂದೆ ಜನ ಹೊಡೆದಾಡಿದರು. ಆರನೇ ಸೆಕ್ಟರಿನವರು ಅವಳನ್ನು ಕೊಲೆಗಾತಿ ಎಂದರು, ಒಂಬತ್ತನೇ ಸೆಕ್ಟರಿನವರು ಮನೆಮುರುಕಿ ಎಂದರು. ಅವಳ ಮನೆಯ ಬಾಗಿಲಿಗೆ ಸಗಣಿ ಬಡಿದರು. ಪೊಲೀಸರು ಗುರುಸಿದ್ಧಪ್ಪನನ್ನು ಕರೆದೊಯ್ಯುವಾಗ ಸೆಕ್ಟರಿನವರೆಲ್ಲ ಅವನ ಹಿಂದೆ ಠಾಣೆಯವರೆಗೂ ಹೋದರು. ಅವನ ಕೊರಳಿಗೆ ಹಾರ ಹಾಕಲೂ ಒಬ್ಬರು ಬಂದಿದ್ದರು. ಮಹಾನಂದಾ ಹಿನ್ನೀರಿನ ಕಡೆ ಒಂದು ಕೋಣೆ ಹಿಡಿದು ಹೋದಳು. ಯಾರ ಕೈಲೂ ಮಾತಾಡಿಸಿಕೊಳ್ಳದೆ ಮೂರು ವಾರ ಇದ್ದಳು.

ವಿಚಾರಣೆ ಊರಿನ ಸಮುದಾಯ ಭವನದಲ್ಲಿ ನಡೆಯಿತು. ರಾಜಧಾನಿಯಿಂದ ಬಂದ ಮೂವರು ಅಧಿಕಾರಿಗಳು, ಒಬ್ಬ ಗುಮಾಸ್ತ. ಆಯುಷ್ಯದ ಕಲಮನ್ನು ಎಲ್ಲ ಕೇಂದ್ರಗಳಲ್ಲೂ ಮತ್ತೆ ಸೇರಿಸಬೇಕು, ರೋಗಿಗಳಿರುವ ಮನೆಯ ಅರ್ಜಿಯನ್ನು ಕೈಬರಹದಲ್ಲೂ ತೆಗೆದುಕೊಳ್ಳಬೇಕು ಎಂದು ಮೊದಲ ದಿನವೇ ತೀರ್ಮಾನವಾಯಿತು. ಕಟಗೇರಿಯವರನ್ನು ಬೇರೆ ಕಡೆಗೆ ಕಳಿಸಿದರು. ಉಳಿದದ್ದು ಮಹಾನಂದಾಳ ವಿಷಯ. ಅವಳು ಗುರುವಾರ ಮಧ್ಯಾಹ್ನವೇ ತಪ್ಪು ಕಂಡುಹಿಡಿದದ್ದು, ನಿರ್ದೇಶಕರಿಗೆ ಹೇಳಿದ್ದು, ಕೊನೆಗೆ ತನ್ನ ಕೆಲಸ, ಸಂಸಾರ ಎರಡನ್ನೂ ಕಳೆದುಕೊಂಡು ಮನೆಗಳನ್ನು ಬಿಡಿಸಿದ್ದು ದಾಖಲೆಯಲ್ಲಿತ್ತು. ಅಧಿಕಾರಿಗಳಿಗೆ ಅವಳ ಬಗ್ಗೆ ಮೃದು ಭಾವನೆಯಿತ್ತು. ಸತ್ತವನ ಅಕ್ಕ ಒಂದು ಒಳ್ಳೆಯ ಮಾತು ಹೇಳಿದರೆ ಶಿಕ್ಷೆ ಕಡಿಮೆ ಮಾಡಬಹುದು ಎಂಬ ಆಲೋಚನೆಯಲ್ಲಿ ಕಾಶೀಬಾಯಿಯನ್ನು ಕರೆಸಿದರು.

ಕಾಶೀಬಾಯಿ ಬಂದು ಕುರ್ಚಿಯಲ್ಲಿ ಕೂರದೆ ನಿಂತೇ ಇದ್ದಳು. ಹಿರಿಯ ಅಧಿಕಾರಿ ಅವಳಿಗೆ ಎಲ್ಲವನ್ನೂ ತಿಳಿಸಿ ಹೇಳಿದರು. ಈ ಬಾಯಿ ತನಗೆ ಏನಾದರೂ ಆಗಲಿ ಎಂದು ನಿಮ್ಮ ಮನೆಗಳನ್ನು ಬಿಡಿಸಿದಳು, ಅದನ್ನು ನೀವು ಒಪ್ಪುತ್ತೀರಾ ಎಂದು ಕೇಳಿದರು. ಕಾಶೀಬಾಯಿ ಮೊದಲ ಸಲ ಮಹಾನಂದಾಳ ಕಡೆ ತಿರುಗಿ ನೋಡಿದಳು.

"ಒಪ್ಪತೀನ್ರಿ," ಎಂದಳು. "ಗೇಟಿನ ಮುಂದ ನಾ ಕೇಳಿದಾಗ ತನ್ನ ಫೋನ್ ಕೊಟ್ಟಿದ್ರ ತಾನೊಬ್ಬಾಕಿ ಪಟ್ಟಿಗೆ ಹೋಗ್ತಿದ್ಲು. ನನ್ನ ತಮ್ಮ ಇರ್ತಿದ್ದ."

ಗುಮಾಸ್ತ ಬರೆಯುವುದೋ ಬಿಡುವುದೋ ತಿಳಿಯದೆ ಪೆನ್ನು ಎತ್ತಿ ಹಿಡಿದುಕೊಂಡು ಅಧಿಕಾರಿಯ ಮುಖ ನೋಡಿದ. ಅಧಿಕಾರಿ ತಲೆ ತಗ್ಗಿಸಿ ಕಾಗದ ತಿರುವುತ್ತಿದ್ದರು.

"ಬರಕೋರಿ," ಎಂದಳು ಮಹಾನಂದಾ. "ಅವರು ಹೇಳಿದಂಗs ಬರಕೋರಿ."

ಗುಮಾಸ್ತ ಬರೆದುಕೊಂಡ.